ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿ ಮತ್ತು ಗೀಜಗನ ಋತುಚರ್ಯೆ

ಮುಂಗಾರಿನ ಮಳೆ ಬಿದ್ದು ಹುಲ್ಲು ಹಸುರಾದೊಡನೆ ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಜಕ್ಕೂರು, ಹೆಸರಘಟ್ಟಗಳ ಕೆರೆಯಂಗಳದಲ್ಲಿ, ಹಳೆಯ ಬಾವಿಗಳ ಮೇಲೆ ಬಾಗಿದ ಈಚಲು ಜಾಲಿ ಮರಗಳಲ್ಲಿ ಗೀಜಗನ ಗೂಡುಗಳು ತೂಗಾಡತೊಡಗುತ್ತವೆ. ಕನ್ನಡ ನಾಡಿನ ಮಕ್ಕಳಿಗೆ ಈ ಗೂಡು ಹೊಸದಲ್ಲ. ಉದುರಿ ಬಿದ್ದ ಹಳೆಯ ಗೂಡನ್ನು ತಂದು ಮನೆಯ ಸೂರಿಗೆ ಕಟ್ಟುವುದು ಅನೇಕ ಹಳ್ಳಿಗಳಲ್ಲಿ ವಾಡಿಕೆಯಾಗಿತ್ತು. ಆದರೆ ಆ ಗೂಡನ್ನು ಕಟ್ಟುವವರು ಯಾರು, ಯಾರಿಗಾಗಿ ಕಟ್ಟುತ್ತಾರೆ, ಅರ್ಧ ಕಟ್ಟಿ ಬಿಟ್ಟ ಗೂಡುಗಳು ಅಷ್ಟೊಂದು ಏಕೆ ಇರುತ್ತವೆ ಎಂಬ ಪ್ರಶ್ನೆಗಳಿಗೆ 1930ರವರೆಗೆ ಸರಿಯಾದ ಉತ್ತರ ದೊರೆತಿರಲಿಲ್ಲ. ಆ ಉತ್ತರವನ್ನು ಕಂಡುಕೊಟ್ಟವರು, ಕೈಯಲ್ಲಿ ಪದವಿಯಾಗಲಿ ಉದ್ಯೋಗವಾಗಲಿ ಇಲ್ಲದೆ ಸಮುದ್ರತೀರದ ಒಂದು ಹಳ್ಳಿಯನ್ನು ಸೇರಿದ್ದ ಮೂವತ್ತಮೂರು ವರ್ಷದ ಒಬ್ಬ ಗೃಹಸ್ಥರು. ಮುಂದೆ ಭಾರತೀಯ ಪಕ್ಷಿಶಾಸ್ತ್ರಕ್ಕೆ ಪರ್ಯಾಯನಾಮವೇ ಆದ ಡಾ. ಸಲೀಂ ಅಲಿಯವರೇ ಅವರು.

ಸಲೀಂ ಮೊಯಿಝುದ್ದೀನ್ ಅಬ್ದುಲ್ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಸುಲೈಮಾನಿ ಬೋಹ್ರಾ ಮನೆತನದಲ್ಲಿ ಜನಿಸಿದರು. ಅವರು ತುಂಬು ಸಂಸಾರದ ಕಡೆಯ ಕೂಸು. ಮಗುವಿಗೆ ಒಂದು ವರ್ಷವಾದಾಗ ತಂದೆಯೂ ಮೂರು ವರ್ಷವಾದಾಗ ತಾಯಿಯೂ ತೀರಿಕೊಂಡರು. ಅನಾಥರಾದ ಮಕ್ಕಳನ್ನು ಖೇತ್ವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರೂ ಅವರ ಪತ್ನಿ ಹಮೀದಾ ಬೇಗಂ ಅವರೂ ತಮ್ಮ ಮಕ್ಕಳಂತೆ ಸಾಕಿದರು. ಬಾಲಕ ಸಲೀಂನಿಗೆ ಪದೇ ಪದೇ ತಲೆನೋವು ಬರುತ್ತಿದ್ದುದರಿಂದ ಶಾಲೆಯ ಓದು ನೆಟ್ಟಗೆ ಸಾಗಲಿಲ್ಲ. ಹವೆ ಬದಲಾದರೆ ಗುಣವಾದೀತೆಂದು ಸಿಂಧ್ ಪ್ರಾಂತದಲ್ಲಿದ್ದ ಬಂಧುಗಳ ಮನೆಗೂ ಕಳುಹಿಸಿದ್ದುಂಟು. 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಕಷ್ಟಪಟ್ಟು ತೇರ್ಗಡೆಯಾದರು.

ಮಾವನಿಗೆ ಬೇಟೆಯ ಹವ್ಯಾಸವಿತ್ತು. ಹುಡುಗನ ಕೈಗೂ ಒಂದು ಗಾಳಿಕೋವಿ ಬಂದಿತು. ಆ ಕೋವಿಯಿಂದ ಒಮ್ಮೆ ಉರುಳಿದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಬಣ್ಣದ ಮಚ್ಚೆ ಕಂಡು ಬಾಲಕನು ಅಚ್ಚರಿಗೊಂಡನು. ಮಾವ ಅವನನ್ನು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿಯ ಗೌರವ ಕಾರ್ಯದರ್ಶಿಗಳಾಗಿದ್ದ ಡಬ್ಲ್ಯು. ಎಸ್. ಮಿಲ್ಲರ್ಡ್ ಅವರು ಅದು ಹಳದಿ ಕೊರಳಿನ ಗುಬ್ಬಿಯೆಂದು ಗುರುತಿಸಿ, ಹುಡುಗನಿಗೆ ಸಂಗ್ರಹಾಲಯದ ಕಪಾಟುಗಳನ್ನೆಲ್ಲ ತೆರೆದು ತೋರಿಸಿದರು. ಈ ಪ್ರಸಂಗವನ್ನು ಎಲ್ಲ ಚರಿತ್ರೆಕಾರರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ, ಆದರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಮತ್ತೊಂದು ಪ್ರಸಂಗವಿದೆ. ಸುಮಾರು ಹತ್ತು ವರ್ಷದವನಿದ್ದಾಗ ಸಲೀಂ ಮನೆಯ ಕುದುರೆಲಾಯದ ಗೋಡೆಯ ಸಂದಿನಲ್ಲಿ ಗೂಡು ಕಟ್ಟಿದ್ದ ಮನೆಗುಬ್ಬಿಗಳನ್ನು ಗಮನಿಸುತ್ತಿದ್ದನು. ಗೂಡಿನ ಹೊರಗೆ ಕಾವಲು ಕುಳಿತ ಗಂಡನ್ನು ಅವನು ಹೊಡೆದು ಕೆಡವಿದನು. ಸ್ವಲ್ಪ ಹೊತ್ತಿನಲ್ಲಿಯೇ ಹೆಣ್ಣು ಇನ್ನೊಂದು ಗಂಡನ್ನು ಕರೆತಂದಿತು. ಅದನ್ನೂ ಹೊಡೆದನು, ಮತ್ತೊಂದು ಬಂದಿತು. ಒಂದು ವಾರದಲ್ಲಿ ಎಂಟು ಗಂಡುಗಳು ಅದೇ ಕಾವಲು ಜಾಗದಲ್ಲಿ ಬಿದ್ದವು. ಹುಡುಗನು ಈ ಸಂಗತಿಯನ್ನು ಟಿಪ್ಪಣಿಯಾಗಿ ಬರೆದಿಟ್ಟುಕೊಂಡನು. ಕೃತ್ಯ ಕ್ರೂರವಾದುದೇ ಸರಿ. ಆದರೂ ಹಕ್ಕಿಗಳಲ್ಲಿ ಜೊತೆಗೂಡುವಿಕೆ ಹೇಗೆ ನಡೆಯುತ್ತದೆ, ಅದರಲ್ಲಿ ಹೆಣ್ಣಿನ ಪಾತ್ರವೇನು ಎಂಬ ಪ್ರಶ್ನೆ ಅವರ ಬಾಳಿನಲ್ಲಿ ಅಂದೇ ಮೊಳೆಯಿತೆನ್ನಬಹುದು.

ಕಾಲೇಜಿನ ಓದು ಹಿಡಿಸದೆ 1914ರಲ್ಲಿ ಅವರು ಬರ್ಮಾ ದೇಶದ ತವಾಯ್‌ಗೆ ಹೋಗಿ ಮನೆತನದ ಗಣಿ ಹಾಗೂ ಮರದ ವ್ಯಾಪಾರದಲ್ಲಿ ತೊಡಗಿದರು. ವ್ಯಾಪಾರ ಕೈಹತ್ತಲಿಲ್ಲ, ಕಾಡು ಮಾತ್ರ ಕೈಹತ್ತಿತು. 1917ರಲ್ಲಿ ಮರಳಿ ಬಂದು ವಾಣಿಜ್ಯಶಿಕ್ಷಣದೊಂದಿಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. 1918ರ ಡಿಸೆಂಬರಿನಲ್ಲಿ ತೆಹಮೀನಾ ಅವರನ್ನು ವರಿಸಿದರು. ವಿಶ್ವವಿದ್ಯಾಲಯದ ಪದವಿ ಇರಲಿಲ್ಲವಾಗಿ ಸರ್ಕಾರದ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಬಾಗಿಲು ಅವರಿಗೆ ತೆರೆಯಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಮಾರ್ಗದರ್ಶಕ ಉಪನ್ಯಾಸಕರ ಹುದ್ದೆ ದೊರೆಯಿತು. ಎರಡು ವರ್ಷಗಳ ನಂತರ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರಾಧ್ಯಾಪಕ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಶಿಷ್ಯವೃತ್ತಿ ಕೈಗೊಂಡರು. ಆ ಕಾಲದ ಭಾರತದಲ್ಲಿ ಪಕ್ಷಿಶಾಸ್ತ್ರವೆಂದರೆ ಹೆಚ್ಚಿನಂಶ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಅಳೆದು, ಹೆಸರಿಡುವ ಕೆಲಸವಾಗಿತ್ತು. ಬದುಕಿರುವ ಹಕ್ಕಿಯ ನಡವಳಿಕೆಯೂ ಶಾಸ್ತ್ರದ ವಸ್ತುವೇ ಎಂಬ ದೃಷ್ಟಿ ಸ್ಟ್ರೆಸೆಮನ್ ಅವರ ಸಹವಾಸದಿಂದ ಗಟ್ಟಿಯಾಯಿತು.

1930ರಲ್ಲಿ ಅವರು ಮುಂಬಯಿಗೆ ಮರಳಿದಾಗ ಹಣದ ಅಭಾವದಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ಮುಂಬಯಿಯ ಬಾಡಿಗೆ ಭರಿಸುವ ಶಕ್ತಿಯಿಲ್ಲದೆ ದಂಪತಿಗಳು ಕೊಲ್ಲಿಯ ಆಚೆಯ ದಡದಲ್ಲಿದ್ದ ಕಿಹೀಮ್ ಎಂಬ ಹಳ್ಳಿಯ ಒಂದು ಸಣ್ಣ ಮನೆಗೆ ಹೋಗಿ ನೆಲಸಿದರು. ಇಂಗ್ಲೆಂಡಿನಲ್ಲಿ ಓದಿ ಬೆಳೆದಿದ್ದ ತೆಹಮೀನಾ ಅವರು ಹಳ್ಳಿಯ ಬಾಳನ್ನು ಬೇಸರವಿಲ್ಲದೆ ಒಪ್ಪಿಕೊಂಡರು. ಮಳೆಗಾಲ ಬಂದಿತು. ಮನೆಯ ಸಮೀಪದಲ್ಲಿಯೇ ಗೀಜಗಗಳ ಒಂದು ವಸಾಹತು ಗೂಡು ಕಟ್ಟಲಾರಂಭಿಸಿತು. ಮಾಡಲು ಬೇರೆ ಉದ್ಯೋಗವಿಲ್ಲದ ಸಲೀಂ ಅಲಿಯವರು ಮರೆಯಲ್ಲಿ ಕುಳಿತು ದಿನದ ಮೇಲೆ ದಿನ, ಗೂಡು ಗೂಡಿಗೂ ಲೆಕ್ಕವಿಟ್ಟು, ಪ್ರತಿಯೊಂದು ಹಕ್ಕಿಯ ಓಡಾಟವನ್ನೂ ಬರೆದುಕೊಳ್ಳತೊಡಗಿದರು.

ಅದುವರೆಗೆ ಜನರೂ ಗ್ರಂಥಗಳೂ ನಂಬಿದ್ದುದು ಹೀಗಿತ್ತು: ಗಂಡು ಹೆಣ್ಣುಗಳು ಕೂಡಿ ಮನೆ ಕಟ್ಟುತ್ತವೆ, ಅರ್ಧಕ್ಕೆ ನಿಂತ ಗೂಡುಗಳು ಗಂಡು ರಾತ್ರಿ ಕಳೆಯಲು ಮಾಡಿಕೊಂಡ ಜಾಗಗಳು. ಕಿಹೀಮ್‌ನಲ್ಲಿ ಕಂಡುಬಂದುದು ಬೇರೆಯೇ ಆಗಿತ್ತು. ಮೊದಲು ಬರುವವು ಗಂಡುಗಳು ಮಾತ್ರ. ಅವು ಭತ್ತದ ಗರಿ, ಹುಲ್ಲು, ಈಚಲು ಗರಿಗಳಿಂದ ಉದ್ದನೆಯ ಎಳೆಗಳನ್ನು ಸೀಳಿ ತಂದು, ಕೊಂಬೆಗೆ ಗಂಟು ಹಾಕಿ, ಮೊದಲು ಒಂದು ಉಂಗುರವನ್ನೂ ಅನಂತರ ಶಿರಸ್ತ್ರಾಣದಂತಹ ಒಂದು ಗುಮ್ಮಟವನ್ನೂ ನೇಯುತ್ತವೆ. ಈ ಘಟ್ಟಕ್ಕೆ ಬರಲು ಸುಮಾರು ಎಂಟು ದಿನ ಬೇಕು. ಗುಮ್ಮಟದ ನಡುವೆ ಒಂದು ಅಡ್ಡಪಟ್ಟಿ ಇರುತ್ತದೆ. ಅದರ ಮೇಲೆ ಕುಳಿತು ತೂಗಬಹುದು. ಇಷ್ಟಾದ ಮೇಲೆ ಒಂದು ದಿನ ಹೆಣ್ಣುಗಳ ಗುಂಪು ಬರುತ್ತದೆ. ಗಂಡುಗಳೆಲ್ಲ ರೆಕ್ಕೆ ಬಡಿಯುತ್ತ, ಚಿಲಿಪಿಲಿಗುಟ್ಟುತ್ತ ತಮ್ಮ ತಮ್ಮ ಗೂಡಿಗೆ ಜೋತುಬೀಳುತ್ತವೆ. ಹೆಣ್ಣು ಗೂಡಿನಿಂದ ಗೂಡಿಗೆ ಹೋಗಿ, ಒಳಹೊಕ್ಕು, ಅಡ್ಡಪಟ್ಟಿಯ ಮೇಲೆ ಕುಳಿತು, ಎಳೆಗಳನ್ನು ಕೊಕ್ಕಿನಿಂದ ಎಳೆದು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಉಳಿಯುತ್ತದೆ, ಇಲ್ಲವಾದರೆ ಮುಂದಿನ ಗೂಡಿಗೆ ಹೋಗುತ್ತದೆ. ಹೆಣ್ಣು ಒಪ್ಪಿದ ಗೂಡನ್ನು ಗಂಡು ಪೂರ್ತಿಗೊಳಿಸಿ ಮೊಟ್ಟೆಯ ಕೋಣೆಯನ್ನೂ ಕೆಳಮುಖವಾದ ಕೊಳವೆಯನ್ನೂ ಹೆಣೆಯುತ್ತದೆ. ಯಾರೂ ಒಪ್ಪದ ಗೂಡು ಹಾಗೆಯೇ ಒಣಗುತ್ತದೆ. ಮರದಲ್ಲಿ ತೂಗುವ ಆ ಅರೆಗೂಡುಗಳು ತಿರಸ್ಕೃತ ಗಂಡುಗಳ ದಾಖಲೆಗಳೆಂದು ಹೀಗೆ ತಿಳಿದುಬಂದಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹೆಣ್ಣು ಎರಡರಿಂದ ನಾಲ್ಕು ಮೊಟ್ಟೆಗಳನ್ನಿಟ್ಟು ಕಾವಿಗೆ ಕುಳಿತೊಡನೆ ಗಂಡು ಸ್ವಲ್ಪ ದೂರದಲ್ಲಿ ಇನ್ನೊಂದು ಗೂಡಿಗೆ ಎಳೆ ಕಟ್ಟತೊಡಗುತ್ತದೆ. ಅದನ್ನೂ ಅರ್ಧಕ್ಕೆ ತಂದು ಇನ್ನೊಂದು ಹೆಣ್ಣಿಗಾಗಿ ಕಾಯುತ್ತದೆ. ಹದಿನಾಲ್ಕರಿಂದ ಹದಿನೇಳು ದಿನಗಳ ಕಾವು, ಆಮೇಲೆ ಮರಿಗಳ ಪೋಷಣೆ, ಇವೆಲ್ಲ ಬಹುಮಟ್ಟಿಗೆ ತಾಯಿಯ ಪಾಲಿನ ಕೆಲಸ. ಒಂದು ಮಳೆಗಾಲದಲ್ಲಿ ಒಂದು ಗಂಡು ಒಂದರ ನಂತರ ಒಂದರಂತೆ ಹಲವು ಸಂಸಾರಗಳನ್ನು ಹೂಡುತ್ತದೆಂದು ಸಲೀಂ ಅಲಿಯವರು ತೋರಿಸಿಕೊಟ್ಟರು. ಈ ಪ್ರಬಂಧವು 1931ರಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಗಿ ಅವರ ಹೆಸರನ್ನು ದೇಶಾಂತರಗಳ ವಿದ್ವಾಂಸರಿಗೆ ಪರಿಚಯಿಸಿತು. ಇದಕ್ಕೆ ತಗುಲಿದ ಖರ್ಚು ಒಂದಿಷ್ಟು ಕಾಗದ, ಪೆನ್ಸಿಲು ಮತ್ತು ತಾಳ್ಮೆ.

ಕಣ್ಣಿಗೆ ಕಾಣುವುದನ್ನೆಲ್ಲ ಅವರು ಕಂಡರು. ಆದರೆ ಒಂದು ಪ್ರಶ್ನೆ ಹಕ್ಕಿಯ ತಲೆಬುರುಡೆಯ ಒಳಗೇ ಉಳಿದಿತ್ತು. ಚಳಿಗಾಲದಲ್ಲಿ ಗಂಡು ಗೀಜಗವು ಹೆಣ್ಣಿನಂತೆಯೇ ಮಾಸಲು ಕಂದು ಬಣ್ಣದ್ದು. ಗುಬ್ಬಿಗಳ ನಡುವೆ ಕುಳಿತರೆ ಗುರುತಿಸುವುದೂ ಕಷ್ಟ. ಅದೇ ಹಕ್ಕಿ ಬೇಸಗೆಯ ಕೊನೆಯ ಹೊತ್ತಿಗೆ ನೆತ್ತಿಗೂ ಎದೆಗೂ ಹೊನ್ನಿನ ಬಣ್ಣ ತಳೆದು, ಮುಖಕ್ಕೆ ಕಪ್ಪು ಮುಸುಕು ಹಾಕಿಕೊಂಡು, ಇದ್ದಕ್ಕಿದ್ದಂತೆ ನೇಕಾರನೂ ವರನೂ ಆಗಿಬಿಡುತ್ತದೆ. ಆ ಹೊತ್ತು ಬಂದಿತೆಂದು ಅದಕ್ಕೆ ಹೇಳುವವರಾರು? ಸಲೀಂ ಅಲಿಯವರು ಕಿಹೀಮ್‌ನಲ್ಲಿ ಕುಳಿತಿದ್ದಾಗ ವೃಷಣದ ಹಾರ್ಮೋನಾದ ಟೆಸ್ಟೊಸ್ಟಿರೋನನ್ನು ಕೂಡ ಯಾರೂ ಬೇರ್ಪಡಿಸಿರಲಿಲ್ಲ. ಆ ಕಾರ್ಯ ನಡೆದುದು 1935ರಲ್ಲಿ. ಮಿದುಳೇ ಹಾರ್ಮೋನುಗಳನ್ನು ತಯಾರಿಸುತ್ತದೆಂಬ ಮಾತನ್ನು ನಂಬುವವರು ಅಂದು ವಿರಳ.

ಉತ್ತರವು ತುಂಡು ತುಂಡಾಗಿ, ಬೇರೆ ಬೇರೆ ದೇಶಗಳಿಂದ ಬಂದಿತು. ಕೆನಡಾದ ಎಡ್ಮಂಟನ್ನಿನಲ್ಲಿ ವಿಲಿಯಂ ರೋವನ್ ಎಂಬ ಪ್ರಾಣಿಶಾಸ್ತ್ರಜ್ಞರು 1920ರ ದಶಕದಲ್ಲಿ, ಹೆಪ್ಪುಗಟ್ಟಿಸುವ ಚಳಿಯಲ್ಲಿ ಜುಂಕೊ ಎಂಬ ಸಣ್ಣ ಹಕ್ಕಿಗಳ ಪಂಜರಕ್ಕೆ ವಿದ್ಯುದ್ದೀಪ ಕಟ್ಟಿ, ದಿನ ದಿನವೂ ಬೆಳಕಿನ ಅವಧಿಯನ್ನು ಹೆಚ್ಚಿಸುತ್ತ ಹೋದರು. ನಡುಚಳಿಗಾಲದಲ್ಲಿಯೇ ಆ ಹಕ್ಕಿಗಳ ವೃಷಣಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಫ್ರಾನ್ಸಿನ ಜಾಕ್ ಬೆನ್ವಾ ಅವರು 1930ರ ದಶಕದಲ್ಲಿ ಬಾತುಕೋಳಿಗಳ ಮೇಲೆ ಪ್ರಯೋಗ ನಡೆಸಿ, ಈ ಬೆಳಕು ಕಣ್ಣಿನ ಮೂಲಕವೇ ಹೋಗಬೇಕಾಗಿಲ್ಲವೆಂದೂ ಮಿದುಳಿನ ತಳಭಾಗದ ಹೈಪೊಥಲಾಮಸ್ ಎಂಬ ಪ್ರದೇಶಕ್ಕೆ ನೇರವಾಗಿ ಬೆಳಕು ಬಿಟ್ಟರೂ ಸಾಕೆಂದೂ ತೋರಿಸಿದರು. ಅಮೆರಿಕದ ಮೈಕೆಲ್ ಮೆನಾಕರ್ ಅವರು 1970ರ ಸುಮಾರಿಗೆ ಮನೆಗುಬ್ಬಿಗಳಲ್ಲಿ ಇದನ್ನೇ ಇನ್ನೂ ಸರಳವಾಗಿ ಕಂಡರು. ನೆತ್ತಿಯ ಪುಕ್ಕ ಕಿತ್ತರೆ ಗುಬ್ಬಿ ಮಂದ ಬೆಳಕಿಗೂ ಸ್ಪಂದಿಸುತ್ತದೆ; ನೆತ್ತಿಯ ಚರ್ಮದಡಿಯಲ್ಲಿ ಕಪ್ಪು ಶಾಯಿ ತುಂಬಿದರೆ, ಕಣ್ಣು ತೆರೆದಿದ್ದರೂ ಮಂದ ಬೆಳಕಿನಲ್ಲಿ ಅದರ ಮಿದುಳಿಗೆ ಋತುವಿನ ಅರಿವಾಗುವುದಿಲ್ಲ. ಹಕ್ಕಿಯು ಲೋಕವನ್ನು ಕಣ್ಣಿನಿಂದ ನೋಡುತ್ತದೆ. ವರ್ಷದ ಕಾಲವನ್ನು ಬುರುಡೆಯ ಮೂಲಕ ತಿಳಿಯುತ್ತದೆ.

ಬೆಳಕು ತಲಪಿದ ಮೇಲೆ ಒಳಗೆ ನಡೆಯುವ ಕ್ರಮವನ್ನು ಹೀಗೆ ವಿವರಿಸಬಹುದು. ದಿನದ ಬೆಳಕು ನಿರ್ದಿಷ್ಟ ಅವಧಿಯನ್ನು ಮೀರಿದಾಗ ಪಿಟ್ಯುಟರಿ ಗ್ರಂಥಿಯ ಅಂಚಿನಲ್ಲಿರುವ ಕೋಶಗಳು ಥೈರಾಯ್ಡ್ ಗ್ರಂಥಿಯನ್ನು ಚೋದಿಸುವ ಹಾರ್ಮೋನನ್ನು ಸ್ರವಿಸುತ್ತವೆ. ಅದರ ಪ್ರಭಾವದಿಂದ ಹೈಪೊಥಲಾಮಸ್ಸಿನಲ್ಲಿ ಥೈರಾಯ್ಡ್ ರಸವು ತನ್ನ ಚುರುಕಾದ ರೂಪಕ್ಕೆ ಬದಲಾಗುತ್ತದೆ. ಒಂದೇ ಒಂದು ದೀರ್ಘ ದಿನದ ಬೆಳಕಿಗೆ ಈ ಕ್ರಿಯೆ ಮೊದಲಾಗುವುದೆಂದು ಜಪಾನಿನ ವಿಜ್ಞಾನಿಗಳು 2008ರಲ್ಲಿ ಲಾವಕ್ಕಿಯಲ್ಲಿ ಕಂಡರು. ಆಗ ಹೈಪೊಥಲಾಮಸ್ಸಿನ ಕೆಲವೇ ನರಕೋಶಗಳು ಹತ್ತು ಅಮೈನೊ ಆಮ್ಲಗಳ ಒಂದು ಪುಟ್ಟ ಸರಪಣಿಯನ್ನು ಬಿಡುಗಡೆ ಮಾಡುತ್ತವೆ. ಇದು ಗೊನಡೊಟ್ರೋಪಿನ್ ಬಿಡುಗಡೆಯ ಹಾರ್ಮೋನು. ಸಸ್ತನಿಗಳಲ್ಲಿ ಇದರ ರಚನೆಯನ್ನು 1971ರಲ್ಲಿ ಬಿಡಿಸಿದ ಷಾಲಿ ಮತ್ತು ಗಿಯೆಮಾ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕೋಳಿಯಲ್ಲಿರುವ ಅದರ ರೂಪ 1982ರಲ್ಲಿ ತಿಳಿದುಬಂದಿತು. ಈ ರಸದೂತನು ಕೂದಲಿಗಿಂತ ಸಣ್ಣ ರಕ್ತನಾಳಗಳ ಮೂಲಕ ಕೆಳಗಿಳಿದು ಪಿಟ್ಯುಟರಿಯನ್ನು ಎಚ್ಚರಿಸುತ್ತಾನೆ. ಪಿಟ್ಯುಟರಿಯು ಲ್ಯೂಟಿನೈಸಿಂಗ್ ಹಾರ್ಮೋನನ್ನೂ ಅದರ ಜೊತೆಗಾರ ಹಾರ್ಮೋನನ್ನೂ ರಕ್ತಕ್ಕೆ ಬಿಡುತ್ತದೆ. ಅವು ವೃಷಣ ಮತ್ತು ಅಂಡಾಶಯಗಳನ್ನು ತಲಪುತ್ತವೆ. ಉಳಿದ ಕಾಲದಲ್ಲಿ ಸಾಸುವೆಯಷ್ಟಿದ್ದ ವೃಷಣವು ನೂರಾರು ಪಟ್ಟು ಹಿಗ್ಗಬಲ್ಲದು. ಅಲ್ಲಿ ಹುಟ್ಟಿದ ಟೆಸ್ಟೊಸ್ಟಿರೋನ್ ಮರಳಿ ಮಿದುಳಿಗೇ ಬರುತ್ತದೆ. ಮಿದುಳಿನ ಕಿಣ್ವವೊಂದು ಅದರ ಒಂದು ಭಾಗವನ್ನು, ಹೆಣ್ಣಿನ ಹಾರ್ಮೋನೆಂದು ನಾವು ಕರೆಯುವ ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತದೆ. ಗಂಡು ಹಕ್ಕಿಯಲ್ಲಿ ಕೂಡುವ ಬಯಕೆ ಎಚ್ಚರಗೊಳ್ಳಲು ಈ ಮಾರ್ಪಾಡು ಅಗತ್ಯವೆಂಬುದು ಲಾವಕ್ಕಿಗಳಲ್ಲಿ ಚೆನ್ನಾಗಿ ಸಿದ್ಧವಾಗಿದೆ. ಗಂಡುತನದ ಪ್ರದರ್ಶನಕ್ಕೆ ಹೆಣ್ಣಿನ ರಸ ಬೇಕೆಂಬುದು ವಿಚಿತ್ರವಾದರೂ ಸತ್ಯ.

ಹೊರಡಿಸಿದ ಅಪ್ಪಣೆಯನ್ನು ತಡೆಯುವ ಶಕ್ತಿಯೂ ಮಿದುಳಿಗಿದೆ. ಜಪಾನಿನ ಕಾಝುಯೋಷಿ ತ್ಸುತ್ಸುಯಿ ಮತ್ತು ಅವರ ಸಂಗಡಿಗರು 2000ದಲ್ಲಿ ಲಾವಕ್ಕಿಯ ಮಿದುಳಿನಿಂದ ಗೊನಡೊಟ್ರೋಪಿನ್ನನ್ನು ತಡೆಹಿಡಿಯುವ ಇನ್ನೊಂದು ಹಾರ್ಮೋನನ್ನು ಬೇರ್ಪಡಿಸಿದರು. ನೂಕುವ ಕೈಯೂ ಹಿಡಿಯುವ ಕೈಯೂ ಒಂದೇ ಪ್ರದೇಶದಲ್ಲಿವೆ.

ಗೀಜಗನ ವಿಷಯದಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಮಹತ್ವದ ಕೆಲಸ ಮಾಡಿದ್ದಾರೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಜೆ. ಪಿ. ಥಪ್ಲಿಯಾಲ್ ಅವರೂ ಅವರ ಸಹೋದ್ಯೋಗಿ ಸಕ್ಸೇನಾ ಅವರೂ 1960ರ ದಶಕದ ಆರಂಭದಲ್ಲಿ ಈ ಹಕ್ಕಿಯನ್ನು ಪರೀಕ್ಷೆಗೆ ತೆಗೆದುಕೊಂಡರು. ಹುಂಜದ ಬೀಜ ತೆಗೆದರೆ ಅದರ ಜುಟ್ಟು ಬಾಡುವುದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಹಾಗೆಯೇ ಗೀಜಗನ ಹೊನ್ನಿನ ಬಣ್ಣವೂ ವೃಷಣದ ಕೊಡುಗೆಯಾಗಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ವೃಷಣ ತೆಗೆದ ಗೀಜಗವೂ ಋತು ಬಂದಾಗ ಹಳದಿ ಉಡುಪನ್ನು ಧರಿಸಿತು. ಬಣ್ಣದ ಅಪ್ಪಣೆ ಪಿಟ್ಯುಟರಿಯ ಲ್ಯೂಟಿನೈಸಿಂಗ್ ಹಾರ್ಮೋನಿನಿಂದಲೇ ನೇರವಾಗಿ ಬರುತ್ತದೆ. ಆಫ್ರಿಕದ ನೇಕಾರ ಹಕ್ಕಿಗಳಲ್ಲಿ ಎಮಿಲ್ ವಿಟ್‌ಷಿ ಅವರು ಮೊದಲೇ ಕಂಡಿದ್ದುದಕ್ಕೆ ಇದು ಸರಿಹೊಂದಿತು. ಹೆಣ್ಣು ಗೀಜಗವು ಗಂಡಿನ ನೆತ್ತಿಯ ಮೇಲೆ ನೋಡುವ ಹೊನ್ನಿನ ಹಿಂದೆ ಅದರ ಮಿದುಳಿನ ಅಪ್ಪಣೆಯೇ ಇದೆ.

ಇದೇ ಸಂಶೋಧಕರು ಇನ್ನೊಂದು ಅಂಶವನ್ನೂ ಕಂಡರು. ಶೀತದೇಶಗಳ ಅನೇಕ ಹಕ್ಕಿಗಳಲ್ಲಿ ಸಂತಾನಕಾಲ ಮುಗಿದ ಮೇಲೆ ಮಿದುಳು ದೀರ್ಘ ಬೆಳಕಿಗೆ ಕೆಲಕಾಲ ಕಿವುಡಾಗುತ್ತದೆ. ಎಷ್ಟು ಬೆಳಕು ಕೊಟ್ಟರೂ ವೃಷಣ ಹಿಗ್ಗುವುದಿಲ್ಲ. ಗೀಜಗದಲ್ಲಿ ಈ ನಿರಾಕರಣೆಯ ಕಾಲವೇ ಕಾಣಲಿಲ್ಲ. ಮಳೆ ಮುಂದುವರಿದು ಹಸುರು ಉಳಿದಿರುವವರೆಗೆ ಗಂಡು ಮತ್ತೆ ಮತ್ತೆ ಹೊಸ ಗೂಡಿಗೆ ತೊಡಗುವುದನ್ನು ಕಿಹೀಮ್‌ನಲ್ಲಿ ಕಂಡವರಿಗೆ ಈ ಫಲಿತಾಂಶ ಬಹು ಸಮಂಜಸವಾಗಿ ತೋರುತ್ತದೆ. ನಮ್ಮ ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ಅಂತರದ ನಾಡಿನಲ್ಲಿ ಮಳೆಯೂ ಹಸಿ ಹುಲ್ಲೂ ಬೆಳಕಿನ ಸೂಚನೆಗೆ ಜೊತೆಗೂಡಬೇಕಾಗುತ್ತದೆ. ಎಳೆ ಸೀಳಲು ಹಸಿರು ಗರಿಯೇ ಇಲ್ಲದಿದ್ದರೆ ಹಾರ್ಮೋನು ಏನು ಮಾಡೀತು?

ಹೆಣ್ಣಿನ ಒಪ್ಪಿಗೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಅಮೆರಿಕದ ಡೇನಿಯಲ್ ಲೆರ್ಮನ್ ಅವರು ಕೊರಳಪಟ್ಟಿಯ ಬೆಳವಗಳನ್ನು ಪಂಜರದಲ್ಲಿಟ್ಟು, ನಡುವೆ ಗಾಜಿನ ಗೋಡೆ ನಿಲ್ಲಿಸಿದರು. ಗಂಡು ಮುಟ್ಟಲಾಗದು, ಕಾಣಿಸುತ್ತದೆ, ಬಾಗಿ ಕೂಗುತ್ತದೆ, ಅಷ್ಟೆ. ಆ ನೋಟದಿಂದಲೇ ಹೆಣ್ಣಿನ ಅಂಡಾಶಯವು ಬೆಳೆಯಿತು. ವೃಷಣ ತೆಗೆದುದರಿಂದ ಪ್ರಣಯಚೇಷ್ಟೆ ಮಾಡದ ಗಂಡನ್ನು ಇಟ್ಟಾಗ ಆ ಬೆಳವಣಿಗೆ ತೀರ ಕಡಿಮೆಯಾಯಿತು. ಹಾರ್ಮೋನು ನಡವಳಿಕೆಯನ್ನು ಹುಟ್ಟಿಸುವಂತೆಯೇ, ಒಂದು ಹಕ್ಕಿಯ ನಡವಳಿಕೆಯು ಇನ್ನೊಂದರ ಮಿದುಳಿನಲ್ಲಿ ಹಾರ್ಮೋನನ್ನು ಹರಿಸುತ್ತದೆ. ಈ ಬೆಳಕಿನಲ್ಲಿ ಸಲೀಂ ಅಲಿಯವರ ಟಿಪ್ಪಣಿಗಳನ್ನು ಮತ್ತೆ ಓದಿದರೆ, ಅರೆಗೂಡಿನ ಅಡ್ಡಪಟ್ಟಿಯ ಮೇಲೆ ಹೆಣ್ಣು ಕುಳಿತು ತೂಗುವ ಆ ಗಳಿಗೆಗೆ ಹೊಸ ಅರ್ಥ ಬರುತ್ತದೆ. ಅಪ್ಪಣೆ ಎರಡೂ ಕಡೆಯ ಮಿದುಳುಗಳಿಂದ ಬಂದಿರುತ್ತದೆ. ತೀರ್ಮಾನ ಮಾತ್ರ ಹೆಣ್ಣಿನ ಕೊಕ್ಕಿನಲ್ಲಿದೆ. ಇನ್ನು ನೇಯ್ಗೆಯ ಕೌಶಲ್ಯವಾದರೋ ರಸದಿಂದ ಮಾತ್ರ ಬರುವುದಲ್ಲ. ಎಳೆಯ ಗಂಡುಗಳು ಹಲವು ಒಡಕು ಗೂಡುಗಳನ್ನು ಕಟ್ಟಿ ಕೆಡವಿದ ಮೇಲೆಯೇ ಕೈ ಪಳಗುತ್ತದೆ.

ಕಿಹೀಮ್‌ನ ಕಾಲವು ದೀರ್ಘವಾಗಿ ಉಳಿಯಲಿಲ್ಲ. ಸಂಸ್ಥಾನಗಳ ಪಕ್ಷಿಗಳನ್ನು ಸಮೀಕ್ಷೆ ಮಾಡಿಕೊಡುವುದಾಗಿಯೂ, ಶಿಬಿರದ ವೆಚ್ಚವೊಂದನ್ನು ಕೊಟ್ಟರೆ ಸಾಕೆಂದೂ ಸಲೀಂ ಅಲಿಯವರು ಮುಂದೆ ಬಂದರು. 1931ರಿಂದ ಹೈದರಾಬಾದು, 1933ರಿಂದ ತಿರುವಾಂಕೂರು ಮತ್ತು ಕೊಚ್ಚಿ, ಅನಂತರ ಇತರ ಪ್ರಾಂತಗಳು. ಎತ್ತಿನ ಗಾಡಿಯ ಮೇಲೆ ಸಾಗಿದ ಆ ಶಿಬಿರಗಳ ಆಡಳಿತವನ್ನೆಲ್ಲ ತೆಹಮೀನಾ ಅವರೇ ಹೊತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಆಕೆ ಅಕಾಲಮರಣಕ್ಕೆ ತುತ್ತಾದರು. ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ. ಉಳಿದ ಬಾಳನ್ನು ಸೋದರಿ ಕಮೂ ಅವರ ಮನೆಯ ಆಶ್ರಯದಲ್ಲಿ ಕಳೆದರು. ಅದೇ ವರ್ಷದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಹೊರಟರು.

ಕನ್ನಡಿಗರು ಅವರನ್ನು ಸ್ಮರಿಸಬೇಕಾದ ಕಾರಣ ಇಲ್ಲಿದೆ. 1939-40ರಲ್ಲಿ ಅವರು ಸಂಸ್ಥಾನದ ಕಾಡು, ಬಯಲು, ಕೆರೆಗಳನ್ನು ಸುತ್ತಿ ಹಕ್ಕಿಗಳ ವಿವರವನ್ನು ಸಂಗ್ರಹಿಸಿದರು. ಅದು 1942-43ರಲ್ಲಿ ಮುಂಬಯಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ಕೊಕ್ಕರೆ, ಕೆಂಬರಲುಗಳು ಗುಂಪುಗೂಡಿ ಮರಿಮಾಡುವುದನ್ನು ಗಮನಿಸಿದ ಅವರು ಆ ಸ್ಥಳವನ್ನು ರಕ್ಷಿಸಬೇಕೆಂದು ಮೈಸೂರು ಅರಸರಲ್ಲಿ ವಿನಂತಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಇಂದಿಗೂ ಅಲ್ಲಿ ದೋಣಿಯಲ್ಲಿ ಕುಳಿತು ನೋಡುವ ಶಾಲಾ ಮಕ್ಕಳಿಗೆ ಕಾಣುವುದು ಅದೇ ಋತುವಿನ ಅಪ್ಪಣೆಗೆ ಒಳಗಾದ ಹಕ್ಕಿಗಳೇ.

1941ರಲ್ಲಿ ಅವರ ‘ಭಾರತೀಯ ಪಕ್ಷಿಗಳ ಪುಸ್ತಕ’ ಹೊರಬಂದು, ಹಕ್ಕಿ ನೋಡುವ ಹವ್ಯಾಸವನ್ನು ಸಾಮಾನ್ಯ ಓದುಗರ ಕೈಗೆಟುಕಿಸಿತು. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ಸಿದ್ಧಪಡಿಸಿದ ಭಾರತ ಪಾಕಿಸ್ತಾನಗಳ ಪಕ್ಷಿಗಳ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಪ್ರಕಟವಾಯಿತು. ಇಷ್ಟೆಲ್ಲದರ ನಡುವೆಯೂ ಗೀಜಗವನ್ನು ಅವರು ಮರೆಯಲಿಲ್ಲ. ಬಹುಕಾಲ ಕಣ್ಮರೆಯಾಗಿದ್ದ ಫಿನ್ ಗೀಜಗವನ್ನು ಕುಮಾವೂನಿನ ತರಾಯಿ ಪ್ರದೇಶದಲ್ಲಿ ಮತ್ತೆ ಕಂಡುಹಿಡಿದರು. ಅವರ ಮಾರ್ಗದರ್ಶನದಲ್ಲಿ ವಿ. ಸಿ. ಅಂಬೇಡ್ಕರ್ ಅವರು ಭಾರತದ ನೇಕಾರ ಹಕ್ಕಿಗಳ ಕುರಿತು ಗ್ರಂಥವನ್ನೇ ಬರೆದರು. ಮುಂದೆ ಭಾರತೀಯ ಸಂಶೋಧಕರು, ಗೂಡಿನ ನೇಯ್ಗೆಯ ಅಂದಕ್ಕಿಂತ ಅದು ತೂಗುವ ಜಾಗದ ಭದ್ರತೆಗೆ ಹೆಣ್ಣು ಹೆಚ್ಚಿನ ಬೆಲೆ ಕೊಡುವುದೆಂದು ತೋರಿಸಿ ಕಿಹೀಮ್‌ನ ಕೆಲಸವನ್ನು ಇನ್ನಷ್ಟು ಮುಂದುವರಿಸಿದ್ದಾರೆ.

ಆ ಭದ್ರವಾದ ಜಾಗದ ಮಾತು ಬಂದಾಗ ಬೆಂಗಳೂರಿನ ಉತ್ತರ ಭಾಗವನ್ನು ನೆನೆಯದೆ ಇರಲಾಗದು. 1894ರಲ್ಲಿ ಅರ್ಕಾವತಿಗೆ ಕಟ್ಟಿ ನಗರಕ್ಕೆ ನೀರು ಕೊಟ್ಟ ಹೆಸರಘಟ್ಟದ ಕೆರೆಯ ಸುತ್ತಣ ಹುಲ್ಲುಗಾವಲಿನಲ್ಲಿ ಗೀಜಗವೂ, ಜೊಂಡಿನಲ್ಲಿ ಗೂಡು ಹೆಣೆಯುವ ಅದರ ದಾಯಾದಿ ಗೆರೆ ಗೀಜಗವೂ ನೆಲೆಗೊಂಡಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದವರೆಗಿನ ಬಳ್ಳಾರಿ ರಸ್ತೆ ರಾತ್ರಿಯಿಡೀ ದೀಪದಿಂದ ಬೆಳಗುತ್ತದೆ. ಭತ್ತದ ಗದ್ದೆಗಳೂ ತೆರೆದ ಬಾವಿಗಳೂ ಬಡಾವಣೆಗಳಾಗಿ ಮಾರ್ಪಟ್ಟಿವೆ. ಜರ್ಮನಿಯಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಾತ್ರಿ ಕೇವಲ 0.3 ಲಕ್ಸ್‌ನಷ್ಟು ಮಂದ ಬೆಳಕಿಗೆ ಒಡ್ಡಿದ ಕರಿಹಕ್ಕಿಗಳ ಸಂತಾನಾಂಗಗಳು ಕತ್ತಲಿನಲ್ಲಿದ್ದವುಗಳಿಗಿಂತ ಒಂದು ತಿಂಗಳವರೆಗೂ ಮುಂಚೆ ಬೆಳೆದುದು ಕಂಡುಬಂದಿತು. ಬೀದಿದೀಪವನ್ನು ಹಕ್ಕಿಯ ಮಿದುಳು ಹಗಲೆಂದು ಎಣಿಸುತ್ತದೆ. ಮೇವೂ ಹಸಿರೂ ಒದಗುವ ಮುನ್ನವೇ ಅಪ್ಪಣೆ ಹೊರಟರೆ ಆ ಅಪ್ಪಣೆಯಿಂದ ಹಕ್ಕಿಗೆ ಪ್ರಯೋಜನವಿಲ್ಲ.

ಪದವಿಯಿಲ್ಲವೆಂದು ಹಿಂದೆ ಸರಿಸಲ್ಪಟ್ಟವರಿಗೆ ಕಾಲಕ್ರಮದಲ್ಲಿ ಅಲಿಗಢ, ದೆಹಲಿ, ಆಂಧ್ರ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟುಗಳನ್ನು ನೀಡಿದವು. ಭಾರತ ಸರ್ಕಾರವು 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. 1985ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಅವರ ಆತ್ಮಕಥೆ ಪ್ರಕಟವಾಯಿತು. ಬಾಲ್ಯದಲ್ಲಿ ಉರುಳಿದ ಆ ಹಳದಿ ಕೊರಳಿನ ಗುಬ್ಬಿಯೇ ಅದರ ಹೆಸರಿಗೆ ಕಾರಣವಾಯಿತು. ದೀರ್ಘಕಾಲ ಕ್ಯಾನ್ಸರ್ ವ್ಯಾಧಿಯೊಡನೆ ಹೋರಾಡಿ, 1987ರ ಜೂನ್ 20ರಂದು, ತೊಂಬತ್ತನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಮೂರು ವರ್ಷಗಳ ತರುವಾಯ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿಶಾಸ್ತ್ರ ಕೇಂದ್ರವು ಸ್ಥಾಪನೆಯಾಯಿತು.